ಯಾವ ಕೋಣೆಗೆ ಯಾವ ಬಲ್ಬ್? ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಮಾಡಿಕೊಳ್ಳಬೇಕಾದ ಲೆಕ್ಕ

"ಅಣ್ಣಾ, ಒಂದು 9 ವ್ಯಾಟ್ ಬಲ್ಬ್ ಕೊಡಿ." ಹೀಗೆ ಕೇಳಿ ತಂದ ಬಲ್ಬಿನ ಬಗ್ಗೆಯೇ ಆಮೇಲೆ ದೂರುಗಳು ಶುರುವಾಗುತ್ತವೆ. ಅಡುಗೆಮನೆಯಲ್ಲಿ ಎರಡು ಬಲ್ಬ್ ಉರಿದರೂ ಈಳಿಗೆಮಣೆ ಮೇಲೆ ಕತ್ತಲೆ. ಮಲಗುವ ಕೋಣೆ ಆಸ್ಪತ್ರೆ ವಾರ್ಡಿನ ಹಾಗೆ ಬೆಳ್ಳಗೆ. ಎರಡು ವರ್ಷ ಗ್ಯಾರಂಟಿ ಎಂದ ಬಲ್ಬ್ ಎರಡೇ ತಿಂಗಳಿಗೆ ಸುಟ್ಟುಹೋಗಿರುತ್ತದೆ. ಸ್ವಿಚ್ ಆರಿಸಿದ ಮೇಲೂ ಮಿಣಮಿಣ ಅನ್ನುವ ಬಲ್ಬ್ ಇನ್ನೊಂದು ಕಡೆ.

ಇವುಗಳಲ್ಲಿ ಹೆಚ್ಚಿನ ಸಲ ತಪ್ಪು ಬಲ್ಬಿನದಲ್ಲ, ಆಯ್ಕೆ ಮಾಡಿದ ಕ್ರಮದ್ದು. ವ್ಯಾಟ್ ಅಂದರೆ ಬಲ್ಬ್ ನುಂಗುವ ಕರೆಂಟಿನ ಲೆಕ್ಕ, ಕೊಡುವ ಬೆಳಕಿನ ಲೆಕ್ಕ ಅಲ್ಲ. ಮೊದಲು ಹೋಲ್ಡರ್, ಆಮೇಲೆ ಮನೆಯ ಲೈನು, ಆಮೇಲೆ ಎಷ್ಟು ಬೆಳಕು, ಆಮೇಲೆ ಯಾವ ಬಣ್ಣ. ಬೆಲೆ, ಬ್ರ್ಯಾಂಡ್ ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಪ್ಪಿದರೆ ದುಬಾರಿ ಬಲ್ಬೂ ಉಪಯೋಗಕ್ಕೆ ಬರುವುದಿಲ್ಲ.

ಕೈಗೆ ಬೇಕಾದ ಸಾಮಾನು: ಅಳತೆ ಟೇಪು, ಗಟ್ಟಿ ಏಣಿ (ಪ್ಲಾಸ್ಟಿಕ್ ಕುರ್ಚಿ ಬೇಡ, ಕಾಲು ಬಾಗಿ ಬೀಳಿಸುತ್ತದೆ), ಲೈನ್ ಟೆಸ್ಟರ್, ಟಾರ್ಚ್, ಅಳಿಸಿಹೋಗದ ಮಾರ್ಕರ್ ಪೆನ್ನು, ಕ್ಯಾಮೆರಾ ಇರುವ ಫೋನು. ಒಂದು ಹಾಳೆಯಲ್ಲಿ ಮನೆಯ ಎಲ್ಲ ಕೋಣೆಗಳ ಹೆಸರು ಬರೆದಿಟ್ಟುಕೊಳ್ಳಿ. ಪ್ರತಿ ಹಂತದಲ್ಲಿ ಸಿಕ್ಕ ವಿವರವನ್ನು ಆ ಹೆಸರಿನ ಎದುರು ತುಂಬಿಸುತ್ತಾ ಹೋಗಬೇಕು.

ಹಂತ 1: ಹೋಲ್ಡರ್ ಯಾವುದು, ಅದರ ಸ್ಥಿತಿ ಹೇಗಿದೆ

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಪಿನ್ ಹೋಲ್ಡರ್, ಅಂದರೆ ಒತ್ತಿ ತಿರುಗಿಸುವಂಥದ್ದು. ಪೆಟ್ಟಿಗೆ ಮೇಲೆ ಇದನ್ನು ಬಿ22 ಎಂದು ಬರೆದಿರುತ್ತಾರೆ. ಗೋಡೆಯ ಅಲಂಕಾರಿಕ ದೀಪ, ನೇತಾಡುವ ದೀಪ, ಹೊರದೇಶದ ಟೇಬಲ್ ಲ್ಯಾಂಪುಗಳಲ್ಲಿ ಸ್ಕ್ರೂ ಹೋಲ್ಡರ್ ಇರುತ್ತದೆ. ದೊಡ್ಡದು ಇ27, ಚಿಕ್ಕದು ಇ14. ಆ ಸಂಖ್ಯೆ ಬುಡದ ಅಗಲದ ಮಿಲಿಮೀಟರ್ ಲೆಕ್ಕ. ಅನುಮಾನ ಬಂದರೆ ಹಳೆ ಬಲ್ಬನ್ನೇ ಜೊತೆಗೆ ತೆಗೆದುಕೊಂಡು ಹೋಗಿ.

ಫಾಲ್ಸ್ ಸೀಲಿಂಗಿನ ಸ್ಪಾಟ್ ದೀಪಗಳಲ್ಲಿ ಒಂದು ಅಪಾಯವಿದೆ. ನೋಡಲು ಒಂದೇ ಥರ ಇರುವ ಎರಡು ಜಾತಿ ಇವೆ. ದಪ್ಪ ಗುಂಡು ಕಾಲಿನ, ಒತ್ತಿ ತಿರುಗಿಸುವ ಜಿಯು10 ನೇರವಾಗಿ 230 ವೋಲ್ಟಿಗೆ ಓಡುತ್ತದೆ. ಸೂಜಿಯಂಥ ತೆಳು ಕಾಲಿನ ಎಂಆರ್16 ಸಾಮಾನ್ಯವಾಗಿ 12 ವೋಲ್ಟಿನದು, ಅದರ ಹಿಂದೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಹಳೆ ಹ್ಯಾಲೊಜನ್ ತೆಗೆದು ಅದೇ ಟ್ರಾನ್ಸ್‌ಫಾರ್ಮರಿಗೆ ಎಲ್‌ಇಡಿ ಹಾಕಿದರೆ ಲೋಡು ಸಾಲದೆ ಮಿನುಗುವುದುಂಟು. ಅಂಥ ಕಡೆ ಟ್ರಾನ್ಸ್‌ಫಾರ್ಮರನ್ನೂ ಎಲ್‌ಇಡಿ ಡ್ರೈವರಿಗೆ (ಎಲ್‌ಇಡಿಗೆ ಬೇಕಾದಷ್ಟೇ ಕರೆಂಟ್ ಕೊಡುವ ಸಾಧನ) ಬದಲಿಸಿ.

ಇನ್ನು ಹೋಲ್ಡರಿನ ಸ್ಥಿತಿ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಮೇನ್ ಎಂಸಿಬಿ (ಇಡೀ ಮನೆಯ ಕರೆಂಟ್ ನಿಲ್ಲಿಸುವ ಸ್ವಿಚ್) ಇಳಿಸಿ, ಬಲ್ಬ್ ತೆಗೆದು, ಟಾರ್ಚ್ ಬಿಟ್ಟು ಒಳಗೆ ನೋಡಿ. ಎರಡು ಹಿತ್ತಾಳೆ ಪಿನ್‌ಗಳು ಕಾಣುತ್ತವೆ. ಒಣಗಿದ ಕಡ್ಡಿಯಿಂದ ಒಂದೊಂದನ್ನೇ ಒತ್ತಿ ಬಿಡಿ. ಎರಡೂ ಟಕ್ಕೆಂದು ಮೇಲಕ್ಕೆ ಬರಬೇಕು. ಒಂದು ಒಳಗೇ ಸಿಕ್ಕಿಕೊಂಡರೆ, ತುದಿಯಲ್ಲಿ ಕಪ್ಪು ಗುಳಿ ಬಿದ್ದಿದ್ದರೆ, ಸುತ್ತಲಿನ ಬೇಕಲೈಟ್ ಬಿರುಕು ಬಿಟ್ಟಿದ್ದರೆ ಮೊದಲು ಹೋಲ್ಡರ್ ಬದಲಿಸಿ. ವರ್ಷಗಟ್ಟಲೆ 60, 100 ವ್ಯಾಟಿನ ಹಳೆ ಬಲ್ಬ್ ಉರಿದ ಹೋಲ್ಡರಿನ ಸ್ಪ್ರಿಂಗು ಬಿಸಿಗೆ ಸೊರಗಿರುತ್ತದೆ. ಸಂಪರ್ಕ ಸಡಿಲವಾದ ಕಡೆ ಸಣ್ಣ ಸಣ್ಣ ಕಿಡಿ ಹಾರುತ್ತದೆ, ಆ ಕಿಡಿಯೇ ಹೊಸ ಎಲ್‌ಇಡಿಯ ಡ್ರೈವರನ್ನು ತಿನ್ನುತ್ತದೆ. ಹೊಸ ಬಲ್ಬುಗಳು ಒಂದೇ ಪಾಯಿಂಟಿನಲ್ಲಿ ಪದೇ ಪದೇ ಸಾಯುತ್ತಿದ್ದರೆ ಮೊದಲ ಅನುಮಾನ ಹೋಲ್ಡರಿನ ಮೇಲಿರಲಿ.

ಹಂತ 2: ಲೈನ್ ಎಂಥದ್ದು ಎಂದು ತಿಳಿದುಕೊಳ್ಳಿ

ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು.

ಮೊದಲನೆಯದು, ಆ ಪಾಯಿಂಟಿಗೆ ಡಿಮ್ಮರ್ ಇದೆಯೇ? ಗುಂಡಿ ತಿರುಗಿಸಿ ಬೆಳಕು ಕಡಿಮೆ ಮಾಡುವ ವ್ಯವಸ್ಥೆ ಇದ್ದರೆ ಸಾಮಾನ್ಯ ಎಲ್‌ಇಡಿ ಅಲ್ಲಿ ನಡೆಯುವುದಿಲ್ಲ. ಗುಂಯ್ ಎನ್ನುತ್ತದೆ, ಪಟಪಟ ಹೊಡೆದುಕೊಳ್ಳುತ್ತದೆ, ಬೇಗ ಸಾಯುತ್ತದೆ. ಒಂದೋ ಡಿಮ್ಮಬಲ್ ಎಂದು ಸ್ಪಷ್ಟವಾಗಿ ಬರೆದ ಬಲ್ಬ್ ಹಾಕಿ, ಇಲ್ಲವೇ ಡಿಮ್ಮರ್ ತೆಗೆಸಿ ಸಾದಾ ಸ್ವಿಚ್ ಹಾಕಿಸಿ.

ಎರಡನೆಯದು, ಇನ್ವರ್ಟರ್ ಲೈನೇ? ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಸೇರಿದ ಪಾಯಿಂಟಾದರೆ ತೀರಾ ಅಗ್ಗದ ಬಲ್ಬ್ ಬೇಡ. ಅವುಗಳೊಳಗೆ ಸರಿಯಾದ ಡ್ರೈವರ್ ಬದಲು ಬರೀ ಕೆಪಾಸಿಟರ್ ಇಟ್ಟು ವೋಲ್ಟೇಜ್ ಇಳಿಸಿರುತ್ತಾರೆ. ಸ್ಕ್ವೇರ್ ವೇವ್ ಕರೆಂಟಿನಲ್ಲಿ ಆ ಕೆಪಾಸಿಟರ್ ಮಿತಿಗಿಂತ ಹೆಚ್ಚು ಕರೆಂಟ್ ಬಿಡುತ್ತದೆ.

ಮೂರನೆಯದು, ವೋಲ್ಟೇಜ್ ಏರಿಳಿತ. ಪಂಪ್‌ಸೆಟ್ಟುಗಳಿರುವ ಟ್ರಾನ್ಸ್‌ಫಾರ್ಮರಿಗೆ ಸೇರಿದ ಹಳ್ಳಿಮನೆ, ತೋಟದ ಮನೆಗಳಲ್ಲಿ ಸಂಜೆ ವೋಲ್ಟೇಜ್ ಬೀಳುತ್ತದೆ, ಮೋಟಾರು ನಿಂತ ತಕ್ಷಣ ಜಿಗಿಯುತ್ತದೆ. ಅಲ್ಲಿ ಪೆಟ್ಟಿಗೆ ಮೇಲೆ 220-240 ವೋಲ್ಟ್ ಎಂದಷ್ಟೇ ಇರುವ ಬಲ್ಬ್ ಬದಲು 100-300 ವೋಲ್ಟಿನಂಥ ವಿಶಾಲ ಮಿತಿಯದನ್ನು, ಸರ್ಜ್ (ದಿಢೀರ್ ವೋಲ್ಟೇಜ್ ಜಿಗಿತ) ರಕ್ಷಣೆ 2.5 ಅಥವಾ 4 ಕಿಲೋವೋಲ್ಟ್ ಎಂದು ಬರೆದದ್ದನ್ನು ಹುಡುಕಿ. ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಸಿಡಿಲಿನ ಕಾಲದಲ್ಲಿ ಆ ಹಣ ಹುಟ್ಟುತ್ತದೆ.

ಹಂತ 3: ಕೋಣೆಗೆ ಎಷ್ಟು ಲ್ಯೂಮೆನ್ ಬೇಕು

ಬೆಳಕಿನ ಅಳತೆ ಲ್ಯೂಮೆನ್. ಹಳೆಯ 60 ವ್ಯಾಟಿನ ಬಲ್ಬ್ ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು, 100 ವ್ಯಾಟಿನದು ಸುಮಾರು 1300. ಇವತ್ತಿನ ಒಳ್ಳೆಯ ಎಲ್‌ಇಡಿ ವ್ಯಾಟಿಗೆ 100 ಲ್ಯೂಮೆನ್ ಆಸುಪಾಸು ಕೊಡುತ್ತದೆ. ಆದರೆ 9 ವ್ಯಾಟ್ ಎಂದು ಬರೆದ ಒಂದು ಬಲ್ಬ್ 720 ಕೊಟ್ಟರೆ ಪಕ್ಕದ ಪೆಟ್ಟಿಗೆಯದು 900 ಕೊಡಬಹುದು. ಹಾಗಾಗಿ ವ್ಯಾಟ್ ನೋಡಿ ತಂದರೆ ಐದರಲ್ಲಿ ಒಂದು ಭಾಗ ಬೆಳಕು ಅಲ್ಲೇ ಹೋಯಿತು.

ಲೆಕ್ಕ ಸುಲಭ. ಕೋಣೆಯ ಉದ್ದ, ಅಗಲವನ್ನು ಅಡಿಯಲ್ಲಿ ಅಳೆದು ಗುಣಿಸಿ. ಬಂದ ಚದರಡಿಯನ್ನು ಮಲಗುವ ಕೋಣೆಗಾದರೆ 12ರಿಂದ, ಹಾಲಿಗೆ 20ರಿಂದ, ಅಡುಗೆಮನೆಗೆ 30ರಿಂದ, ಬಚ್ಚಲಿಗೆ 20ರಿಂದ ಗುಣಿಸಿ. ಬಲ್ಬಿನಿಂದ ಹೊರಟ ಬೆಳಕಿನಲ್ಲಿ ಸುಮಾರು ಅರ್ಧ ಮಾತ್ರ ನಮಗೆ ಬೇಕಾದ ಜಾಗಕ್ಕೆ ತಲುಪುತ್ತದೆ. ಆ ನಷ್ಟವನ್ನು ಈ ಸಂಖ್ಯೆಗಳಲ್ಲೇ ಸೇರಿಸಿದೆ.

ಉದಾಹರಣೆಗೆ 12 ಅಡಿಗೆ 15 ಅಡಿ ಹಾಲ್. 180 ಚದರಡಿ, ಗುಣಿಸು 20, ಅಂದರೆ 3600 ಲ್ಯೂಮೆನ್. 20 ವ್ಯಾಟಿನ, 2000 ಲ್ಯೂಮೆನ್ ಕೊಡುವ ಎರಡು ಎಲ್‌ಇಡಿ ಪಟ್ಟಿ ಸಾಕು. 10 ಅಡಿಗೆ 12 ಅಡಿ ಮಲಗುವ ಕೋಣೆ 120 ಚದರಡಿ, 1440 ಲ್ಯೂಮೆನ್. 800 ಲ್ಯೂಮೆನ್‌ನ ಎರಡು ಬಲ್ಬ್ ಎರಡು ಗೋಡೆಗೆ ಹಂಚಿದರೆ ಹಿತವಾಗಿರುತ್ತದೆ.

ಈ ಲೆಕ್ಕ ಬಿಳಿ ಗೋಡೆ, ಬಿಳಿ ತಾರಸಿಯ ಮನೆಗೆ. ಹೆಂಚಿನ ಮನೆ, ಮರದ ಮುಚ್ಚಿಗೆ, ರೆಡ್ ಆಕ್ಸೈಡ್ ನೆಲ ಇರುವ ಮನೆಗಳಲ್ಲಿ ಮೇಲಕ್ಕೆ ಹೋದ ಬೆಳಕು ಅಲ್ಲೇ ಕರಗಿಹೋಗುತ್ತದೆ. ಅಲ್ಲಿ ಅರ್ಧದಷ್ಟು ಹೆಚ್ಚು ಲೆಕ್ಕ ಹಿಡಿಯಿರಿ. ಸುತ್ತಲೂ ಬೆಳಕು ಚೆಲ್ಲುವ ಗುಂಡು ಬಲ್ಬಿಗಿಂತ ಕೆಳಮುಖವಾಗಿ ಬೆಳಕು ಬೀಳಿಸುವ ಪಟ್ಟಿ ಅಥವಾ ಶೇಡ್ ಇರುವ ದೀಪ ಅಲ್ಲಿಗೆ ಒಳ್ಳೆಯದು.

ವಯಸ್ಸಾದವರು ಓದುವ, ಮಾತ್ರೆ ಬಿಡಿಸಿಕೊಳ್ಳುವ ಜಾಗಕ್ಕೆ ಬೇರೆ ಲೆಕ್ಕ ಬೇಕು. ಅರವತ್ತು ದಾಟಿದ ಕಣ್ಣಿಗೆ ಇಪ್ಪತ್ತರ ಕಣ್ಣಿಗಿಂತ ಎರಡು ಮೂರು ಪಟ್ಟು ಬೆಳಕು ಬೇಕು. ಹಾಗಂತ ಇಡೀ ಕೋಣೆಯನ್ನು ಬೆಳಗಿಸಬೇಡಿ, ಪೊರೆ ಬರುತ್ತಿರುವ ಕಣ್ಣಿಗೆ ಅದು ಕುಕ್ಕುತ್ತದೆ. ಕುರ್ಚಿಯ ಪಕ್ಕಕ್ಕೆ ಶೇಡ್ ಇರುವ ಒಂದು ಬೇರೆ ದೀಪ ಕೊಡಿ.

ಹಂತ 4: ಬೆಳಕಿನ ಬಣ್ಣ

ಪೆಟ್ಟಿಗೆ ಮೇಲೆ ಕೆಲ್ವಿನ್ ಎಂಬ ಸಂಖ್ಯೆ ಇರುತ್ತದೆ. 2700ರಿಂದ 3000 ಅಂದರೆ ವಾರ್ಮ್ ವೈಟ್, ಹಳೆ ಬಲ್ಬಿನ ಹೊಂಬಣ್ಣ. 4000 ಅಂದರೆ ನ್ಯಾಚುರಲ್ ವೈಟ್. 6500 ಅಂದರೆ ಕೂಲ್ ಡೇಲೈಟ್, ಸ್ವಲ್ಪ ನೀಲಿ ಛಾಯೆಯ ಬಿಳುಪು. ಅಂಗಡಿಯಲ್ಲಿ ಏನೂ ಹೇಳದಿದ್ದರೆ ಕೈಗೆ ಬರುವುದು ಹೆಚ್ಚಾಗಿ 6500. ಮಲಗುವ ಕೋಣೆ ಆಸ್ಪತ್ರೆಯಂತೆ ಕಾಣುವುದು ಈ ಕಾರಣಕ್ಕೇ.

6500 ಹೆಚ್ಚು ಬೆಳಕು ಕೊಡುತ್ತದೆ ಎಂಬ ನಂಬಿಕೆ ಇದೆ. ಕಣ್ಣಿಗೆ ಚುರುಕಾಗಿ ಕಾಣುತ್ತದೆ, ಅಷ್ಟೇ. ಲ್ಯೂಮೆನ್ ಒಂದೇ ಇದ್ದರೆ ಬೆಳಕೂ ಒಂದೇ. ನೀಲಿ ಅಂಶ ಹೆಚ್ಚಿರುವ ಬೆಳಕು ರಾತ್ರಿ ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನನ್ನು ತಡೆಯುತ್ತದೆ. ಮಕ್ಕಳು ಮಲಗುವ ಕೋಣೆಗೆ 6500 ಹಾಕಲೇಬೇಡಿ ಎಂದು ಒತ್ತಿ ಹೇಳಬೇಕಾಗಿದೆ.

ಕೆಲ್ವಿನ್ ಜೊತೆಗೆ ಇನ್ನೊಂದು ಸಂಖ್ಯೆ ಸಿಆರ್‌ಐ. ಬೆಳಕಿನಲ್ಲಿ ವಸ್ತುವಿನ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬುದರ ಅಳತೆ ಇದು, ಗರಿಷ್ಠ 100. ಸಾಮಾನ್ಯ ಬಲ್ಬ್ 80, ಒಳ್ಳೆಯದು 90ಕ್ಕೂ ಮೇಲೆ. ಮನೆಯಲ್ಲೇ ಪರೀಕ್ಷಿಸಬಹುದು. ಒಂದು ತಟ್ಟೆಯಲ್ಲಿ ಚಿಟಿಕೆ ಕುಂಕುಮ, ಚಿಟಿಕೆ ಅರಿಶಿನ, ಪಕ್ಕದಲ್ಲಿ ಕಡುಗೆಂಪು ರೇಷ್ಮೆ ಸೀರೆಯ ಅಂಚು ಇಡಿ. ಮೊದಲು ಹಗಲು ಕಿಟಕಿ ಬಳಿ ನೋಡಿ, ಆಮೇಲೆ ಬಲ್ಬಿನ ಕೆಳಗೆ. ಸಿಆರ್‌ಐ ಕಡಿಮೆ ಇದ್ದರೆ ಕುಂಕುಮ ಇಟ್ಟಿಗೆ ಪುಡಿಯಂತೆ ಮಂಕಾಗುತ್ತದೆ, ಸೀರೆಯಂಚು ಕಂದು ಬಣ್ಣಕ್ಕೆ ತಿರುಗುತ್ತದೆ. ಮೊದಲು ಸೊರಗುವುದು ಕೆಂಪು. ಬೀರು, ಕನ್ನಡಿ, ಅಡುಗೆ ಕಟ್ಟೆ, ಹೊಲಿಗೆ ಯಂತ್ರ ಇರುವ ಕಡೆ 90 ಕೊಡಿ. ಕಾರಿಡಾರಿಗೆ 80 ಸಾಕು.

ಒಂದೇ ಕೋಣೆಯಲ್ಲಿ 3000 ಮತ್ತು 6500 ಬೆರೆಸಿದರೆ ಗೋಡೆಯಲ್ಲಿ ಹಳದಿ, ನೀಲಿ ಪಟ್ಟೆಗಳು ಮೂಡುತ್ತವೆ. ಫಾಲ್ಸ್ ಸೀಲಿಂಗಿನ ದೀಪಗಳನ್ನಂತೂ ಒಂದೇ ಕಂಪನಿ, ಒಂದೇ ಸಲ, ಎರಡು ಹೆಚ್ಚಿಗೆ ಸೇರಿಸಿ ತಂದಿಡಿ. ಆಮೇಲೆ ಒಂದು ಕೆಟ್ಟಾಗ ಅದೇ ಛಾಯೆ ಸಿಗುವುದು ಕಷ್ಟ.

ಹಂತ 5: ಕೋಣೆಯಿಂದ ಕೋಣೆಗೆ

ಅಡುಗೆಮನೆ. ಹೆಚ್ಚು ಜನ ಸೋಲುವುದು ಇಲ್ಲೇ. ದೀಪ ತಾರಸಿಯ ನಡುವೆ ಅಥವಾ ಹಿಂದಿನ ಗೋಡೆಯಲ್ಲಿ ಇರುತ್ತದೆ. ಕಟ್ಟೆಗೆ ಮುಖ ಮಾಡಿ ನಿಂತವರ ಬೆನ್ನಿಗೆ ಬೆಳಕು ಬಿದ್ದು ಅವರದೇ ನೆರಳು ತರಕಾರಿ ಮೇಲೆ ಬೀಳುತ್ತದೆ. ಬಲ್ಬನ್ನು 9ರಿಂದ 15 ವ್ಯಾಟಿಗೆ ಏರಿಸಿದರೆ ನೆರಳು ಇನ್ನೂ ಗಾಢವಾಗುತ್ತದೆಯೇ ಹೊರತು ಹೋಗುವುದಿಲ್ಲ. ಮೇಲಿನ ಕಪಾಟಿನ ಅಡಿಯಲ್ಲಿ, ಗೋಡೆ ಕಡೆಗಲ್ಲ, ಮುಂದಿನ ಅಂಚಿಗೆ 2 ಅಥವಾ 4 ಅಡಿಯ ತೆಳು ಟಿ5 ಪಟ್ಟಿ ಹಾಕಿ. 4000 ಕೆಲ್ವಿನ್, ಸಿಆರ್‌ಐ 90. ಕಣ್ಣಿಗೆ ನೇರವಾಗಿ ಹೊಡೆಯದಂತೆ ಮುಂದೆ ಒಂದೂವರೆ ಇಂಚಿನ ಮರೆ ಕೊಡಿ. ಗ್ಯಾಸ್ ಒಲೆಯ ನೆತ್ತಿಗೆ ಮಾತ್ರ ಬೇಡ. ಒಗ್ಗರಣೆಯ ಎಣ್ಣೆ ಹೊಗೆ ಅಂಟಿ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಬಿಸಿಗೆ ಡ್ರೈವರ್ ಸಾಯುತ್ತದೆ. ಚಿಮಣಿಯ ಬಲ್ಬ್ ಬದಲಿಸುವಾಗ ಹಳೆಯದರ ಮೇಲಿನ ವೋಲ್ಟೇಜ್ ಓದಿ, ಕೆಲವು 12 ವೋಲ್ಟಿನವು.

ಓವನ್ ಒಳಗೆ ಎಲ್‌ಇಡಿ ಹಾಕಬಾರದು, ಕರಗುತ್ತದೆ. 300 ಡಿಗ್ರಿ ತಡೆಯುವ ಓವನ್ ಬಲ್ಬ್ ಎಂದೇ ಕೇಳಿ ತನ್ನಿ. ಫ್ರಿಜ್ಜಿಗೆ ಸಣ್ಣ ಎಲ್‌ಇಡಿ ಸರಿಹೋಗುತ್ತದೆ, ಬುಡದ ಅಳತೆ ಹೊಂದಿದರೆ ಸಾಕು.

ಓದುವ ಮೇಜು. ಕೋಣೆಯ ದೀಪ ಒಂದನ್ನೇ ನಂಬಬೇಡಿ, ಅದನ್ನು ಆರಿಸಿ ಬರೀ ಟೇಬಲ್ ಲ್ಯಾಂಪ್ ಹಚ್ಚುವುದೂ ತಪ್ಪು. ಸುತ್ತ ಕತ್ತಲೆ, ನಡುವೆ ಪ್ರಖರ ಬೆಳಕು ಇದ್ದರೆ ಕಣ್ಣು ಬೇಗ ದಣಿಯುತ್ತದೆ. ಎರಡೂ ಇರಲಿ. 500ರಿಂದ 800 ಲ್ಯೂಮೆನ್, 4000 ಕೆಲ್ವಿನ್, ಪುಸ್ತಕದಿಂದ ಒಂದೂವರೆ ಅಡಿ ಎತ್ತರ. ಬಲಗೈಯಲ್ಲಿ ಬರೆಯುವ ಮಗುವಿಗೆ ಎಡಗಡೆ, ಎಡಗೈಯವರಿಗೆ ಬಲಗಡೆ.

ಮಲಗುವ ಕೋಣೆ. 2700ರಿಂದ 3000. ಮಂಚದ ನೆತ್ತಿಯ ಮೇಲೆ ಬರಿಯ ಬಲ್ಬ್ ಬೇಡ, ಮಲಗಿದವರ ಕಣ್ಣಿಗೆ ನೇರ ಹೊಡೆಯುತ್ತದೆ. ರಾತ್ರಿ ದೀಪಕ್ಕೆ ಹಳೆಯ ಜೀರೋ ಬಲ್ಬ್ ಇದ್ದರೆ ತೆಗೆಯಿರಿ. ಹೆಸರು ಜೀರೋ, ನುಂಗುತ್ತಿದ್ದುದು ಸುಮಾರು 15 ವ್ಯಾಟ್. ಅರ್ಧ ವ್ಯಾಟಿನ ಎಲ್‌ಇಡಿ ಸಾಕು. ಹಿರಿಯರಿದ್ದರೆ ಅದನ್ನು ಮೇಲೆ ಹಾಕದೆ ಬಚ್ಚಲಿಗೆ ಹೋಗುವ ದಾರಿಯಲ್ಲಿ ನೆಲದಿಂದ ಒಂದಡಿ ಎತ್ತರಕ್ಕೆ ಹಾಕಿ. ಹೊಸ್ತಿಲು ಕಾಣಬೇಕು, ಕಣ್ಣಿಗೆ ಬೆಳಕು ಬೀಳಬಾರದು.

ಹಾಲ್. ಫ್ಯಾನಿನ ರೆಕ್ಕೆಗಿಂತ ಮೇಲೆ ದೀಪ ಇದ್ದರೆ ರೆಕ್ಕೆ ಬೆಳಕನ್ನು ಕತ್ತರಿಸಿ ಇಡೀ ಕೋಣೆ ಪಟಪಟ ಎನ್ನುತ್ತದೆ. ಬಲ್ಬ್ ಹಾಳಾಗಿದೆ ಎಂದು ಬದಲಿಸಿ ಪ್ರಯೋಜನವಿಲ್ಲ, ಜಾಗ ಬದಲಿಸಬೇಕು. ಪ್ಯಾನೆಲ್ ದೀಪಗಳನ್ನು ರೆಕ್ಕೆಯ ತುದಿಯಿಂದ ಕನಿಷ್ಠ ಒಂದಡಿ ಆಚೆ ಇಡಿಸಿ. ಟಿವಿ ಎದುರಿನ ಗೋಡೆಗೆ ದೀಪ ಬೇಡ, ಪರದೆಯಲ್ಲಿ ಮಿರುಗುತ್ತದೆ.

ಹಾಲಿನಲ್ಲಿ ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಇದ್ದರೆ ಕೊಳವೆಯನ್ನಷ್ಟೇ ಎಲ್‌ಇಡಿಗೆ ಬದಲಿಸುವ ಆಸೆ ಬರುತ್ತದೆ. ಆದರೆ ಎಲ್‌ಇಡಿ ಕೊಳವೆಗಳಲ್ಲಿ ಕೆಲವಕ್ಕೆ ಕರೆಂಟ್ ಒಂದೇ ತುದಿಯಿಂದ ಬರಬೇಕು, ಕೆಲವಕ್ಕೆ ಎರಡೂ ತುದಿಯಿಂದ. ಚೋಕ್, ಸ್ಟಾರ್ಟರ್ ತೆಗೆಯದೆ ತಪ್ಪು ಜಾತಿಯದನ್ನು ಸಿಕ್ಕಿಸಿದರೆ ಶಾರ್ಟ್ ಆಗುತ್ತದೆ. ಇಡೀ ಪಟ್ಟಿಯನ್ನೇ ಬದಲಿಸುವುದು ಸುರಕ್ಷಿತ. 36 ವ್ಯಾಟಿನ ಹಳೆ ಟ್ಯೂಬು ಚೋಕ್ ಸೇರಿ 45 ವ್ಯಾಟ್ ದಾಟುತ್ತಿತ್ತು, 20 ವ್ಯಾಟಿನ ಎಲ್‌ಇಡಿ ಪಟ್ಟಿ ಆ ಜಾಗ ತುಂಬುತ್ತದೆ.

ದೇವರ ಮನೆ. 2700 ಕೆಲ್ವಿನ್, 200-300 ಲ್ಯೂಮೆನ್, ಬಾಗಿಲ ಚೌಕಟ್ಟಿನ ಒಳಬದಿಗೆ ಮರೆಯಾಗಿ ಇಟ್ಟರೆ ಬೆಳಕು ವಿಗ್ರಹದ ಮುಖಕ್ಕೆ ಬೀಳುತ್ತದೆ. ದೀಪದ ಕಂಬದ ನೇರ ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಬೇಡಿ.

ಬಚ್ಚಲು. ಗೀಸರಿನ ಹಬೆ ಬಲ್ಬಿನೊಳಗೆ ಸೇರಿ ಸರ್ಕ್ಯೂಟಿಗೆ ಕಿಲುಬು ಹಿಡಿಸುತ್ತದೆ. ಐಪಿ44 (ನೀರು, ಧೂಳನ್ನು ಎಷ್ಟು ತಡೆಯುತ್ತದೆ ಎಂಬುದರ ಗುರುತು) ಇರುವ ಮುಚ್ಚಿದ ದೀಪ, ಶವರ್ ನೀರು ನೇರ ಹಾರುವ ಕಡೆ ಐಪಿ65. ಕನ್ನಡಿಯ ಎರಡೂ ಪಕ್ಕದಲ್ಲಿ ಬೆಳಕು ಇರಲಿ, ಮೇಲಿನಿಂದ ಮಾತ್ರ ಬಿದ್ದರೆ ಗದ್ದದ ಕೆಳಗೆ ನೆರಳು ನಿಂತು ಗಡ್ಡ ಹೆರೆಯುವುದು ಕಷ್ಟ.

ಜಗಲಿ, ಗೇಟು, ಕೊಟ್ಟಿಗೆ. ಹೊರಗೆ ಐಪಿ65 ಇಲ್ಲದ ದೀಪ ಮೊದಲ ಮಳೆಗಾಲ ದಾಟುವುದಿಲ್ಲ. ಇಲ್ಲಿ 3000 ಕೆಲ್ವಿನ್ ಹಾಕಲು ಇನ್ನೊಂದು ಕಾರಣವಿದೆ. ನೀಲಿ ಬಿಳುಪಿನ ಬೆಳಕಿಗೆ ಮುತ್ತುವಷ್ಟು ಹುಳು ಹೊಂಬಣ್ಣದ ಬೆಳಕಿಗೆ ಮುತ್ತುವುದಿಲ್ಲ. ಮುಂಗಾರಿನ ಮೊದಲ ಮಳೆಗೆ ರೆಕ್ಕೆ ಗೆದ್ದಲು ಎದ್ದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಕೊಟ್ಟಿಗೆಯಲ್ಲಿ ದೀಪವನ್ನು ದನದ ಕೊಂಬಿಗೆ ಸಿಗದ ಎತ್ತರಕ್ಕೆ ಹಾಕಿ, ಒಣಹುಲ್ಲಿಗೆ ತಾಗದಂತೆ ನೋಡಿಕೊಳ್ಳಿ.

ಕರೆಂಟ್ ಹೋದಾಗ ಉರಿಯುವ ಬ್ಯಾಟರಿ ಬಲ್ಬ್. ಇದರ ಬಗ್ಗೆ ದೂರು ಹೆಚ್ಚು, ಕಾರಣ ಒಂದೇ. ಸ್ವಿಚ್ ಹಾಕಿದ್ದಾಗ ಮಾತ್ರ ಅದರ ಬ್ಯಾಟರಿ ಚಾರ್ಜ್ ಆಗುತ್ತದೆ. ದಿನಕ್ಕೆ ಹತ್ತು ನಿಮಿಷ ಹಚ್ಚುವ ಸ್ಟೋರ್ ರೂಮಿನಲ್ಲಿ ಹಾಕಿದರೆ ಬೇಕಾದಾಗ ಉರಿಯುವುದಿಲ್ಲ. ದಿನವೂ ನಾಲ್ಕೈದು ಗಂಟೆ ಉರಿಯುವ ಪಾಯಿಂಟಿಗೆ ಹಾಕಿ. ಕರೆಂಟ್ ಹೋದಾಗ ಸ್ವಿಚ್ ಆರಿಸಿದರೆ ಬಲ್ಬೂ ಆರುತ್ತದೆ, ಸ್ವಿಚ್ ಹಾಕಿದ ಹಾಗೇ ಬಿಡಬೇಕು.

ಹಂತ 6: ಪೆಟ್ಟಿಗೆ ಓದುವ ಕ್ರಮ

ಅಂಗಡಿಯಲ್ಲಿ ಕೈಗೆ ಬಂದ ಪೆಟ್ಟಿಗೆಯಲ್ಲಿ ಈ ಕ್ರಮದಲ್ಲಿ ಕಣ್ಣಾಡಿಸಿ: ಬುಡದ ಜಾತಿ, ಲ್ಯೂಮೆನ್, ಕೆಲ್ವಿನ್, ಸಿಆರ್‌ಐ, ವೋಲ್ಟೇಜ್ ಮಿತಿ, ಪವರ್ ಫ್ಯಾಕ್ಟರ್ (0.9 ಇದ್ದರೆ ಒಳ್ಳೆಯದು), ಗ್ಯಾರಂಟಿ. ಲ್ಯೂಮೆನ್ ಬರೆಯದ ಪೆಟ್ಟಿಗೆಯನ್ನು ವಾಪಸ್ ಇಡಿ.

ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಐಎಸ್ 16102 ಎಂಬ ಸಂಖ್ಯೆ, ಜೊತೆಗೆ ಆರ್ ಅಕ್ಷರದಿಂದ ಶುರುವಾಗುವ ಎಂಟಂಕಿಯ ನೋಂದಣಿ ಸಂಖ್ಯೆ ಇರಲೇಬೇಕು. ಅದು ಅಸಲಿಯೇ ಎಂದು ಬಿಐಎಸ್ ಕೇರ್ ಆ್ಯಪಿನಲ್ಲಿ ಅಲ್ಲೇ ನಿಂತು ಹಾಕಿ ನೋಡಬಹುದು. ಬಿಇಇ (ಇಂಧನ ದಕ್ಷತಾ ಬ್ಯೂರೊ) ನಕ್ಷತ್ರಗಳು ವ್ಯಾಟಿಗೆ ಎಷ್ಟು ಲ್ಯೂಮೆನ್ ಎಂಬುದನ್ನು ಹೇಳುತ್ತವೆ. ದಿನಕ್ಕೆ ಐದಾರು ಗಂಟೆ ಉರಿಯುವ ಜಾಗಕ್ಕೆ ಹೆಚ್ಚು ನಕ್ಷತ್ರದ್ದು ಕೊಡಿ, ಅಟ್ಟಕ್ಕೆ ಯಾವುದಾದರೂ ನಡೆಯುತ್ತದೆ.

ಇದರ ಲಾಭ ಎಷ್ಟು? 60 ವ್ಯಾಟಿನ ಹಳೆ ಬಲ್ಬ್ ದಿನಕ್ಕೆ 5 ಗಂಟೆಯಂತೆ ತಿಂಗಳಿಗೆ 9 ಯೂನಿಟ್ ನುಂಗುತ್ತದೆ, 9 ವ್ಯಾಟಿನ ಎಲ್‌ಇಡಿ 1.35 ಯೂನಿಟ್. ಗೃಹಜ್ಯೋತಿಯಲ್ಲಿರುವ ಮನೆಗಳಿಗೆ ಇದು ಮುಖ್ಯ, ಏಕೆಂದರೆ ತಿಂಗಳಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಅಂಥ ನಾಲ್ಕು ಬಲ್ಬ್ ಬದಲಿಸಿದರೆ 30 ಯೂನಿಟ್ ಉಳಿಯುತ್ತದೆ.

ಹಂತ 7: ಅಂಗಡಿಯಲ್ಲೇ ಹಚ್ಚಿಸಿ ನೋಡಿ

ಬಲ್ಬ್ ಹಚ್ಚಿಸಿ ಫೋನಿನ ಕ್ಯಾಮೆರಾವನ್ನು ಹತ್ತಿರ ಹಿಡಿಯಿರಿ. ಪರದೆಯಲ್ಲಿ ದಪ್ಪ ಕಪ್ಪು ಪಟ್ಟೆಗಳು ಹರಿದಾಡಿದರೆ ಬಲ್ಬ್ ಮಿನುಗುತ್ತಿದೆ ಎಂದರ್ಥ. ಫೋನಿನಿಂದ ಗೊತ್ತಾಗದಿದ್ದರೆ ಪೆನ್ನನ್ನು ಬೆಳಕಿನಡಿ ಬೀಸಣಿಗೆಯಂತೆ ಜೋರಾಗಿ ಆಡಿಸಿ. ಒಂದೇ ಮಸುಕು ಕಂಡರೆ ಸರಿ. ಬಿಡಿಬಿಡಿಯಾಗಿ ಹತ್ತು ಪೆನ್ನು ಕಂಡರೆ ಬೇಡ. ಕಣ್ಣಿಗೆ ನೇರವಾಗಿ ಕಾಣದ ಈ ಮಿನುಗು ಕೆಲವರಿಗೆ ತಲೆನೋವು ತರುತ್ತದೆ. ಓದುವ ಮೇಜಿಗೆ, ಹೊಲಿಗೆ ಯಂತ್ರಕ್ಕೆ, ಮಿಕ್ಸಿ ತಿರುಗುವ ಕಡೆಗೆ ಮಿನುಗದ ಬಲ್ಬೇ ಬೇಕು.

ಕೈಯಲ್ಲಿ ಹಿಡಿದು ತೂಕವನ್ನೂ ನೋಡಿ. ಎಲ್‌ಇಡಿಯ ಬಿಸಿ ಹೊರಹೋಗಲು ಒಳಗೆ ಲೋಹದ ಭಾಗ ಇರಬೇಕು. ತೀರಾ ಹಗುರ, ಅಲ್ಲಾಡಿಸಿದರೆ ಸದ್ದು ಬರುವಂಥದ್ದು ಬೇಡ.

ಹಂತ 8: ಹಾಕುವಾಗ

ಸ್ವಿಚ್ ಆರಿಸಿದರೆ ಸಾಲದು, ಮೇನ್ ಎಂಸಿಬಿ ಇಳಿಸಿ. ಹಳೆ ವೈರಿಂಗಿನಲ್ಲಿ ಎಷ್ಟೋ ಕಡೆ ಸ್ವಿಚ್ಚನ್ನು ಕರೆಂಟ್ ಬರುವ ಫೇಸ್ ತಂತಿಯ ಬದಲು ವಾಪಸ್ ಹೋಗುವ ನ್ಯೂಟ್ರಲ್ ತಂತಿಗೆ ಹಾಕಿರುತ್ತಾರೆ. ಆಗ ಸ್ವಿಚ್ ಆರಿಸಿದ್ದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ. ಸ್ಕ್ರೂ ಹೋಲ್ಡರಿನಲ್ಲಿ ಫೇಸ್ ನಡುವಿನ ಚುಕ್ಕೆಗೆ ಬರಬೇಕು. ಸುತ್ತಲಿನ ಲೋಹದ ಸುತ್ತಿಗೆ ಬಂದಿದ್ದರೆ ಬಲ್ಬ್ ತಿರುಗಿಸುವಾಗ ಬೆರಳಿಗೆ ಹೊಡೆಯುತ್ತದೆ.

ಗಾಜಿನ ಗೋಳದೊಳಗೆ, ಗಾಳಿಯಾಡದ ಮುಚ್ಚಿದ ದೀಪದೊಳಗೆ ಹೆಚ್ಚು ವ್ಯಾಟಿನ ಬಲ್ಬ್ ತುರುಕಬೇಡಿ. ಎಲ್‌ಇಡಿ ಸಾಯುವುದು ಬಿಸಿಗೆ. 25,000 ಗಂಟೆ ಎಂದು ಬರೆದ ಆಯುಷ್ಯ ಗಾಳಿಯಾಡುವ ಜಾಗದ ಲೆಕ್ಕ. ಅಲ್ಲಿಗೆ 5 ಅಥವಾ 7 ವ್ಯಾಟಿನದು ಸಾಕು, ಬೆಳಕು ಸಾಲದಿದ್ದರೆ ಇನ್ನೊಂದು ದೀಪ ಸೇರಿಸಿ.

ಹಾಕುವ ಮುಂಚೆ ಬಲ್ಬಿನ ಬುಡದಲ್ಲಿ ಮಾರ್ಕರಿನಿಂದ ತಂದ ತಾರೀಕು ಬರೆಯಿರಿ. ಬಿಲ್ಲಿನ ಫೋಟೋ ತೆಗೆದಿಡಿ, ಕಾಗದದ ಬಿಲ್ಲಿನ ಶಾಯಿ ಆರು ತಿಂಗಳಲ್ಲಿ ಮಾಸಿಹೋಗುತ್ತದೆ. ಗ್ಯಾರಂಟಿಯಲ್ಲಿ ಬದಲಿಸಿಕೊಳ್ಳುವಾಗ ಈ ಎರಡೇ ನಿಮ್ಮ ಸಾಕ್ಷಿ.

ಹಂತ 9: ಎಚ್ಚರಿಕೆಯ ಗುರುತುಗಳು

ಆರಿಸಿದ ಮೇಲೂ ಮಿಣಮಿಣ. ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ಇದೆಯೇ ನೋಡಿ. ಅದರ ಮೂಲಕ ಹರಿಯುವ ಸಣ್ಣ ಕರೆಂಟೇ ಎಲ್‌ಇಡಿಯನ್ನು ಹೊಳೆಸುತ್ತದೆ. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿಸಿದರೆ ನಿಲ್ಲುತ್ತದೆ. ಇಂಡಿಕೇಟರ್ ಇಲ್ಲದೆಯೂ ಹೊಳೆದರೆ ಸ್ವಿಚ್ ನ್ಯೂಟ್ರಲ್ಲಿನಲ್ಲಿರುವ ಸಾಧ್ಯತೆ ಹೆಚ್ಚು, ವೈರ್‌ಮನ್‌ಗೆ ತೋರಿಸಿ ಫೇಸಿಗೆ ಬದಲಿಸಿ. ಮೆಟ್ಟಿಲಿನ ಟೂ-ವೇ ಸ್ವಿಚ್ಚಿನ ಉದ್ದದ ತಂತಿಗಳಲ್ಲೂ ಹೀಗಾಗುವುದುಂಟು, ಅದರಿಂದ ಅಪಾಯವಿಲ್ಲ.

ಚರಚರ ಸದ್ದು, ಸುಟ್ಟ ಮೀನಿನಂಥ ವಾಸನೆ. ಹೋಲ್ಡರ್ ಅಥವಾ ತಂತಿಯ ಪ್ಲಾಸ್ಟಿಕ್ ಬೇಯುತ್ತಿದೆ. ತಕ್ಷಣ ಮೇನ್ ಇಳಿಸಿ, ಸರಿಪಡಿಸುವ ತನಕ ಆ ಪಾಯಿಂಟ್ ಬಳಸಬೇಡಿ.

ಕೆಲವು ಬಲ್ಬ್ ಪ್ರಖರ, ಕೆಲವು ಮಂಕು. ಮಿಕ್ಸಿಯೋ ಗೀಸರೋ ಹಾಕಿದಾಗ ಒಂದು ಕೋಣೆಯ ದೀಪ ಇದ್ದಕ್ಕಿದ್ದಂತೆ ಹೆಚ್ಚು ಬೆಳಗಿ ಇನ್ನೊಂದು ಕೋಣೆಯದು ಸೊರಗಿದರೆ ತ್ರೀ ಫೇಸ್ ಮನೆಯ ನ್ಯೂಟ್ರಲ್ ಸಡಿಲವಾಗಿದೆ ಅಥವಾ ಕಡಿದಿದೆ. ಇದು ಎಲ್ಲಕ್ಕಿಂತ ಗಂಭೀರ. 230ರ ಬದಲು 400 ವೋಲ್ಟಿನ ಹತ್ತಿರ ಬಂದು ಟಿವಿ, ಫ್ರಿಜ್ಜು ಎಲ್ಲವೂ ಒಟ್ಟಿಗೆ ಸುಡಬಹುದು. ಒಂದು ನಿಮಿಷವೂ ಕಾಯದೆ ಮೇನ್ ಇಳಿಸಿ, 1912ಕ್ಕೆ ಫೋನ್ ಮಾಡಿ ಅಥವಾ ಲೈನ್‌ಮನ್‌ಗೆ ತಿಳಿಸಿ.

ಬೆಳಕು ನಿಧಾನವಾಗಿ ಕುಂದುವುದು. ಮೊದಲು ಒರೆಸಿ ನೋಡಿ. ಅಡುಗೆಮನೆಯ ಎಣ್ಣೆ ಜಿಡ್ಡು, ರಸ್ತೆ ಬದಿಯ ಧೂಳು ಸಾಕಷ್ಟು ಬೆಳಕು ತಿನ್ನುತ್ತವೆ. ಮೇನ್ ಇಳಿಸಿ, ಬಲ್ಬ್ ತಣ್ಣಗಾದ ಮೇಲೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಹಾಕಿ.

ಹಳೆಯದನ್ನು ತೆಗೆದುಹಾಕುವಾಗ

ಸಿಎಫ್‌ಎಲ್, ಹಳೆ ಟ್ಯೂಬ್‌ಲೈಟುಗಳಲ್ಲಿ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಕಸದ ಗಾಡಿಗೆ ಹಸಿ ಕಸದ ಜೊತೆ ಹಾಕಬೇಡಿ, ಹಳೆ ಪೆಟ್ಟಿಗೆಯಲ್ಲಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕೈತಪ್ಪಿ ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆದು, ಫ್ಯಾನ್ ಆರಿಸಿ, ಕಾಲು ಗಂಟೆ ಕೋಣೆ ಖಾಲಿ ಬಿಡಿ. ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ, ಪುಡಿ ಗಾಳಿಗೆ ಏಳುತ್ತದೆ. ಗಟ್ಟಿ ಕಾಗದದಿಂದ ಚೂರುಗಳನ್ನು ಎತ್ತಿ, ಉಳಿದ ಪುಡಿಯನ್ನು ಅಂಟುಪಟ್ಟಿಯಿಂದ ತೆಗೆದು, ಒದ್ದೆ ಕಾಗದದಿಂದ ನೆಲ ಒರೆಸಿ. ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ.